ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ದೂರದ ಪ್ರಯಾಣ: ಯಾವ ಗಾಡಿ ಕೊಳ್ಳಬೇಕು?

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರಲ್ಲಿ ಹೆಚ್ಚಿನವರು ಬರೀ ಕಣ್ಣಿನಿಂದ ಕೊಳ್ಳುತ್ತಾರೆ. ಕೆಂಪು ಬಣ್ಣ, ಕ್ರೋಮ್ ಬಂಪರ್, ತಂತಿ ಕಡ್ಡಿಯ ಚಕ್ರ, ಮರದ ಸ್ಟೀರಿಂಗ್. ಹತ್ತು ನಿಮಿಷ ಓಡಿಸಿ ನೋಡುತ್ತಾರೆ, ಸೈಲೆನ್ಸರ್ ಸದ್ದಿಗೆ ಮನಸೋತು ಮುಂಗಡ ಕೊಟ್ಟುಬಿಡುತ್ತಾರೆ. ರಜೆಯ ದಿನ ಬೆಳಗ್ಗೆ ಒಂದು ಸುತ್ತು ಹೊಡೆದು ಬರುವುದಕ್ಕೆ ಅಷ್ಟು ಸಾಕು. ವಾರಗಟ್ಟಲೆ ಊರೂರು ಸುತ್ತಬೇಕು ಅನ್ನುವವರಿಗೆ ಸಾಲದು. ಕಾರಿನ ನಿಜವಾದ ಗುಣ ಗೊತ್ತಾಗುವುದು ಪ್ರಯಾಣದ ನಾಲ್ಕನೇ ಗಂಟೆಯಲ್ಲಿ. ಅಷ್ಟೊತ್ತಿಗೆ ಎಂಜಿನ್ನಿನ ಬಿಸಿ ಪಾದಕ್ಕೆ ಹತ್ತಿರುತ್ತದೆ. ಗಾಳಿಯ ಸದ್ದಿಗೆ ಕಿವಿ ದಣಿದಿರುತ್ತದೆ. ಸೀಟಿನ ಯಾವ ಸ್ಪ್ರಿಂಗು ಮುರಿದಿದೆ ಅಂತ ಸೊಂಟವೇ ಹೇಳುತ್ತದೆ. ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸಿ ಬಹಳ ಹೊತ್ತಾಗಿರುತ್ತದೆ. ಇಲ್ಲಿನ ಹೋಲಿಕೆಯೆಲ್ಲ ಆ ನಾಲ್ಕನೇ ಗಂಟೆಯ ಲೆಕ್ಕದಲ್ಲೇ.

ನಾನು ಮಾತಾಡುತ್ತಿರುವುದು ಹೆಚ್ಚಾಗಿ 1960ರಿಂದ 1980ರ ದಶಕದವರೆಗಿನ ಕಾರುಗಳ ಬಗ್ಗೆ. 1930ಕ್ಕೆ ಮುಂಚಿನ ಕಾರುಗಳ ಲೋಕವೇ ಬೇರೆ. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಆಕ್ಸಲರೇಟರ್ ನಡುವೆ ಇರುತ್ತದೆ, ಬ್ರೇಕ್ ಬಲಗಡೆ. ಗೇರಿನ ಹಲ್ಲುಗಳ ವೇಗ ತಾನೇ ಹೊಂದಿಸುವ ಸಿಂಕ್ರೋಮೆಶ್ ಇಲ್ಲ. ಗೇರ್ ಇಳಿಸಬೇಕಾದರೆ ಕ್ಲಚ್ ಎರಡು ಸಲ ಒತ್ತಿ, ನಡುವೆ ಎಂಜಿನ್ ವೇಗ ಏರಿಸಿ ಹೊಂದಿಸಬೇಕು. ಬ್ರೇಕು ಕೆಲಸ ಮಾಡುವುದು ಸರಳು, ಕೇಬಲ್ಲಿನ ಮೇಲೆ. ಅದೊಂದು ವಿದ್ಯೆ, ಕಲಿತವರು ಅವುಗಳಲ್ಲೇ ಖಂಡ ದಾಟಿದ್ದಾರೆ. ಮೊದಲ ಹಳೆಯ ಕಾರಾಗಿ ಮಾತ್ರ ಅದು ಬೇಡ.

ತೆರೆದ ಕಾರೋ, ಮುಚ್ಚಿದ ಕಾರೋ

ಮೊದಲು ತೀರ್ಮಾನಿಸಬೇಕಾದ್ದು ಇದು, ಕಂಪನಿ ಯಾವುದು ಅನ್ನುವುದು ಆಮೇಲೆ. ಒಂದೇ ಕಾರಿನ ಎರಡು ರೂಪ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿ 1962ರಲ್ಲಿ ತೆರೆದ ಕಾರಾಗಿ ಬಂತು. 1965ರಲ್ಲಿ ಅದಕ್ಕೇ ಗಟ್ಟಿ ಚಾವಣಿ ಹಾಕಿ, ಹಿಂದೆ ಮೇಲಕ್ಕೆ ಎತ್ತುವ ಬಾಗಿಲು ಕೊಟ್ಟು ಎಂಜಿಬಿ ಜಿಟಿ ಮಾಡಿದರು. ಆ ಚಾವಣಿಯ ರೂಪಕ್ಕೆ ಇಟಲಿಯ ಪಿನಿನ್‌ಫರೀನಾ ಕೈ ಹಚ್ಚಿತ್ತು. ಎಂಜಿನ್ ಎರಡಕ್ಕೂ ಅದೇ 1,798 ಸಿಸಿ.

ಜಿಟಿಗೆ ತೂಕ ಸ್ವಲ್ಪ ಜಾಸ್ತಿ, ಪಿಕಪ್ ಅಷ್ಟು ಕಡಿಮೆ. ಅದಕ್ಕೆ ಬದಲಾಗಿ ಸಿಗುವುದು ಏನು ಅಂತ ನೋಡಿ. ಗಟ್ಟಿ ಚಾವಣಿಯಿಂದ ಇಡೀ ಬಾಡಿ ಬಿಗಿಯಾಗಿರುತ್ತದೆ, ಹಳ್ಳಕೊಳ್ಳದ ರಸ್ತೆಯಲ್ಲಿ ಮುಂದಿನ ಗಾಜು ನಡುಗುವುದಿಲ್ಲ. ಮಳೆ ಒಳಗೆ ಬರುವುದಿಲ್ಲ. ಹಿಂದಿನ ಪುಟ್ಟ ಸೀಟು ಮಡಚಿದರೆ ಇಬ್ಬರ ಎರಡು ವಾರದ ಸಾಮಾನು ಹಿಡಿಸುತ್ತದೆ. ರಾತ್ರಿ ತಂಗಿದಲ್ಲಿ ಬಾಗಿಲಿಗೆ ಬೀಗ ಹಾಕಿ ನಿಶ್ಚಿಂತೆಯಿಂದ ಮಲಗಬಹುದು. ಬಟ್ಟೆಯ ಟಾಪನ್ನು ಒಂದು ಚಾಕು ಸೀಳಿಬಿಡುತ್ತದೆ. ಆದ್ದರಿಂದ ತೆರೆದ ಕಾರಿನವರು ಬೆಲೆಬಾಳುವುದನ್ನೇನೂ ಒಳಗೆ ಬಿಡುವಂತಿಲ್ಲ. ಇಷ್ಟಿದ್ದೂ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಜಿಟಿಗೇ ಬೆಲೆ ಕಡಿಮೆ. ಜನರಿಗೆ ಆಕಾಶ ಕಾಣಬೇಕು!

ತೆರೆದ ಕಾರೇ ಬೇಕು ಅನ್ನುವುದಾದರೆ ಟಾಪ್ ಹಾಕುವುದು ಎಷ್ಟು ಸುಲಭ ಅಂತ ನೀವೇ ಕೈಯಾರೆ ಮಾಡಿ ನೋಡಿ. ಎಂಜಿಬಿಯ ಶುರುವಿನ ಕೆಲವು ಕಾರುಗಳಲ್ಲಿ ಟಾಪಿನ ಬಟ್ಟೆ ಬೇರೆ, ಚೌಕಟ್ಟು ಬೇರೆ. ಎರಡನ್ನೂ ಡಿಕ್ಕಿಯಿಂದ ತೆಗೆದು, ಜೋಡಿಸಿ, ಬಟ್ಟೆ ಎಳೆದು ಗುಂಡಿ ಹಾಕುವಷ್ಟರಲ್ಲಿ ಮಳೆ ಬಂದು ಹೋಗಿರುತ್ತದೆ. ಅದೇ ಆಲ್ಫಾ ರೋಮಿಯೋ ಸ್ಪೈಡರ್‌ನಲ್ಲಿ ಸೀಟಿನಿಂದ ಏಳದೆ ಒಂದೇ ಕೈಯಲ್ಲಿ ಟಾಪ್ ಎಳೆದುಕೊಳ್ಳಬಹುದು. ಫೋಟೋದಲ್ಲಿ ಇದೆಲ್ಲ ಕಾಣಿಸುವುದಿಲ್ಲ, ಅಲ್ವಾ?

ಓವರ್‌ಡ್ರೈವ್ ಇದೆಯೋ, ಐದನೇ ಗೇರ್ ಇದೆಯೋ

ಹೆದ್ದಾರಿಯಲ್ಲಿ ದಣಿವು ತರುವುದು ವೇಗಕ್ಕಿಂತ ಎಂಜಿನ್ನಿನ ಅರಚಾಟ. ಎಂಜಿಬಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತದೆ. ಓವರ್‌ಡ್ರೈವ್ ಒತ್ತಿದರೆ ಅದೇ ವೇಗಕ್ಕೆ ಸುಮಾರು 2,800. ಈ 700 ಸುತ್ತಿನಲ್ಲೇ ಪಕ್ಕದವರ ಜೊತೆ ಮಾತಾಡಲು ಆಗುತ್ತದೋ ಇಲ್ಲವೋ ಅನ್ನುವುದು ನಿಂತಿದೆ. ಪೆಟ್ರೋಲೂ ಉಳಿಯುತ್ತದೆ.

ಓವರ್‌ಡ್ರೈವ್ ಅಂದರೆ ಗೇರ್‌ಬಾಕ್ಸಿನ ಹಿಂದೆ ಕೂರಿಸಿದ ಇನ್ನೊಂದು ಪುಟ್ಟ ಗೇರ್ ಪೆಟ್ಟಿಗೆ. ಬ್ರಿಟಿಷ್ ಕಾರುಗಳಲ್ಲಿ ಇರುವುದು ಹೆಚ್ಚಾಗಿ ಲೇಕಾಕ್ ಕಂಪನಿಯದು. ಕ್ಲಚ್ ಒತ್ತಬೇಕಿಲ್ಲ. ಒಂದು ಸ್ವಿಚ್ ತಟ್ಟಿದರೆ ವಿದ್ಯುತ್ ಸೊಲೆನಾಯ್ಡ್ ಎಣ್ಣೆಯ ದಾರಿ ತೆರೆದು ಗೇರ್ ಬದಲಿಸುತ್ತದೆ. ಆಗೆಲ್ಲ ಇದು ಬೇಕಿದ್ದವರು ಹಾಕಿಸಿಕೊಳ್ಳುವ ವಸ್ತುವಾಗಿತ್ತು, ಎಲ್ಲ ಕಾರಿನಲ್ಲೂ ಇರುವುದಿಲ್ಲ. ಮಾರುವವರು "ಓವರ್‌ಡ್ರೈವ್ ಇದೆ, ವೈರು ಸ್ವಲ್ಪ ನೋಡಬೇಕು ಅಷ್ಟೇ" ಅಂದರೆ, ಅದು ಇಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ. ಕೆಲವೊಮ್ಮೆ ನಿಜವಾಗಿಯೂ ವೈರೇ ಇರುತ್ತದೆ, ಇಲ್ಲವೇ ಗೇರ್ ಎಣ್ಣೆ ಕಡಿಮೆಯಾಗಿರುತ್ತದೆ. ಹಾಗಿದ್ದರೆ ಲಾಭ ನಿಮಗೆ.

ಇಟಲಿಯವರು ಈ ವಿಷಯದಲ್ಲಿ ಮುಂದಿದ್ದರು. ಆಲ್ಫಾ ಸ್ಪೈಡರ್‌ಗೆ 1966ರಲ್ಲೇ ಐದು ಗೇರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಅದೇ ಕಾಲದ ಎಂಜಿಬಿಯಲ್ಲಿ ಡಿಸ್ಕ್ ಮುಂದಿನ ಚಕ್ರಕ್ಕೆ ಮಾತ್ರ, ಮೊದಲನೇ ಗೇರಿಗೆ ಸಿಂಕ್ರೋ ಬಂದದ್ದು 1967ರಲ್ಲಿ.

ಒಂದೊಂದಾಗಿ ನೋಡೋಣ

ಎಂಜಿಬಿ. ವೇಗದ ಕಾರು ಅಂತ ಯಾರೂ ಇದನ್ನು ಕೊಳ್ಳುವುದಿಲ್ಲ. ಅಶ್ವಶಕ್ತಿ ಸುಮಾರು 95. ಆದರೂ ಮೊದಲ ಸಲ ಕೊಳ್ಳುವವರು ಕೇಳಿದರೆ ನಾನು ಹೇಳುವುದು ಇದನ್ನೇ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಹೀಗಾಗಿ ಬಿಡಿಭಾಗಕ್ಕೆ ಬರವಿಲ್ಲ, ಬಾಡಿ ಪೂರ್ತಿ ಹೋಗಿದ್ದರೆ ಹೊಸ ಬಾಡಿಯನ್ನೇ ಮಾಡಿ ಕೊಡುವವರಿದ್ದಾರೆ. ಎಂಜಿನ್ ಸಾದಾ, ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗ ಇದೆ. ನಡುದಾರಿಯಲ್ಲಿ ನಿಂತರೂ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಕೂಡ ನೋಡಿದ ಕೂಡಲೇ ಅರ್ಥ ಮಾಡಿಕೊಳ್ಳುವಂಥ ಯಂತ್ರ. ದೂರದ ಪ್ರಯಾಣಕ್ಕೆ ಇದಕ್ಕಿಂತ ದೊಡ್ಡ ಗುಣ ಯಾವುದು?

ವರ್ಷ ನೋಡಿ ಆರಿಸಿ. 1964ರ ಕೊನೆಯಿಂದ ಎಂಜಿನ್ನಿನ ಕ್ರ್ಯಾಂಕಿಗೆ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ, ಮೂರರ ಬದಲು ಐದು ಬೇರಿಂಗ್ ಬಂತು, ಅದು ಹೆಚ್ಚು ಗಟ್ಟಿ. 1974ರ ಕೊನೆಯಲ್ಲಿ ಅಮೆರಿಕದ ನಿಯಮಕ್ಕಾಗಿ ರಬ್ಬರ್ ಬಂಪರ್ ಹಾಕಿ ಕಾರನ್ನೇ ಸ್ವಲ್ಪ ಎತ್ತರ ಮಾಡಿದರು. ಆ ಮೇಲಿನ ಕಾರುಗಳು ತಿರುವಿನಲ್ಲಿ ಜಾಸ್ತಿ ವಾಲುತ್ತವೆ, ಬೆಲೆಯೂ ಕಡಿಮೆ. ಸಸ್ಪೆನ್ಷನ್ ತಗ್ಗಿಸುವ ಕಿಟ್ ಹಾಕಿಸಿದರೆ ಅದು ಒಳ್ಳೆಯ ಅಗ್ಗದ ದಾರಿ. 1967ಕ್ಕೆ ಮುಂಚಿನವುಗಳಲ್ಲಿ ಇನ್ನೊಂದು ಪಜೀತಿ. ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೂಡಿರುತ್ತದೆ. ಇವತ್ತಿನ ಫೋನ್ ಚಾರ್ಜರ್ ಅದಕ್ಕೆ ಸಿಕ್ಕಿಸಿದರೆ ಫ್ಯೂಸ್ ಹಾರುತ್ತದೆ, ಕೆಲವೊಮ್ಮೆ ಚಾರ್ಜರೇ ಸುಡುತ್ತದೆ. ಹಿಂದಿನ ಮಾಲೀಕರು ಬದಲಿಸಿದ್ದಾರೋ ಅಂತ ಕೇಳಿ.

ಟ್ರಯಂಫ್ ಟಿಆರ್6. ಇದು ಎಂಜಿಬಿಗಿಂತ ಗಂಡುಗಾಡಿ ಅಂತ ಅಭಿಮಾನಿಗಳು ಹೇಳುವುದುಂಟು. 2,498 ಸಿಸಿಯ ಆರು ಸಿಲಿಂಡರ್ ಎಂಜಿನ್, ಪೆಟ್ರೋಲ್ ಇಂಜೆಕ್ಷನ್ ಇರುವ ಮೊದಲ ವರ್ಷಗಳ ಕಾರಿಗೆ 150 ಅಶ್ವಶಕ್ತಿ. ಏರಿನಲ್ಲಿ ಗೇರ್ ಇಳಿಸದೆ ಎಳೆದುಕೊಂಡು ಹೋಗುವ ತಾಕತ್ತು, ಕೇಳುತ್ತಲೇ ಇರೋಣ ಅನ್ನಿಸುವ ಸದ್ದು. ಡಿಕ್ಕಿ ಕೂಡ ಈ ಗಾತ್ರದ ಕಾರಿಗೆ ದೊಡ್ಡದೇ.

ಅಮೆರಿಕಕ್ಕೆ ಹೋದ ಟಿಆರ್6ಗಳಿಗೆ ಇಂಜೆಕ್ಷನ್ ಬದಲು ಎರಡು ಸ್ಟ್ರಾಮ್‌ಬರ್ಗ್ ಕಾರ್ಬುರೇಟರ್, ಶಕ್ತಿ ನೂರರ ಆಸುಪಾಸು. ಕಾಗದದ ಮೇಲೆ ಇಂಜೆಕ್ಷನ್ ಕಾರೇ ಮೇಲು. ಟೂರಿಂಗ್‌ಗೆ ನನ್ನ ಓಟು ಕಾರ್ಬುರೇಟರಿಗೆ. ಲೂಕಾಸ್ ಇಂಜೆಕ್ಷನ್ನಿನ ಪೆಟ್ರೋಲ್ ಪಂಪ್ ಡಿಕ್ಕಿಯೊಳಗಿರುತ್ತದೆ. ಬಿಸಿಲಲ್ಲಿ, ಅದರಲ್ಲೂ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ, ಅದು ಕಾದು ಕೈ ಕೊಡುತ್ತದೆ. ಎಷ್ಟೋ ಜನ ಅದನ್ನು ಕಿತ್ತು ಬಾಷ್ ಪಂಪ್ ಹಾಕಿಸಿಕೊಂಡಿರುತ್ತಾರೆ. ಹಾಗೆ ಮಾಡಿದ ಕಾರು ಸಿಕ್ಕರೆ ಅದನ್ನು ಕಳಂಕ ಅಂದುಕೊಳ್ಳಬೇಡಿ.

ಈ ಕಾರಿನಲ್ಲಿ ಒಂದು ಪರೀಕ್ಷೆ ಮಾಡದೆ ಹಣ ಕೊಡಬಾರದು. ಎಂಜಿನ್ ಆಫ್ ಮಾಡಿಸಿ, ಬಾನೆಟ್ ಎತ್ತಿ. ಒಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಬಿಡುತ್ತಿರಲಿ. ನೀವು ಟಾರ್ಚ್ ಹಿಡಿದು ಕ್ರ್ಯಾಂಕಿನ ಮುಂದಿನ ಪುಲ್ಲಿ ನೋಡಿ. ಕ್ಲಚ್ ಒತ್ತಿದಾಗ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬಂದು, ಬಿಟ್ಟಾಗ ಹಿಂದೆ ಹೋದರೆ ಕ್ರ್ಯಾಂಕು ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ ಅಂತ ಅರ್ಥ. ಇರಬೇಕಾದ ಸಡಿಲ ಕೂದಲೆಳೆಯಷ್ಟು, 0.2 ಮಿಲಿಮೀಟರ್ ಒಳಗೆ. ವಾಷರ್ ಪೂರ್ತಿ ಸವೆದು ಕೆಳಗೆ ಬಿದ್ದರೆ ಕ್ರ್ಯಾಂಕು ಎಂಜಿನ್ ಬ್ಲಾಕನ್ನೇ ತೇಯುತ್ತದೆ, ಆಮೇಲೆ ಎಂಜಿನ್ ಕತೆ ಮುಗಿದಂತೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಆಮೇಲೆ ಕೆಳಗೆ ಬಗ್ಗಿ ಹಿಂದಿನ ಚಕ್ರದ ತೋಳುಗಳು ಚಾಸಿಗೆ ಕೂಡುವ ಜಾಗ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ನೇತಾಡುವ ಜಾಗ ನೋಡಿ. ತುಕ್ಕು, ಬಿರುಕು ಎರಡೂ ಅಲ್ಲೇ ಶುರುವಾಗುವುದು.

ಆಲ್ಫಾ ಸ್ಪೈಡರ್, ಫಿಯಟ್ 124 ಸ್ಪೈಡರ್. ಎರಡೂ 1966ರಲ್ಲಿ ಹುಟ್ಟಿದವು, ಎರಡರ ಮೈಕಟ್ಟೂ ಪಿನಿನ್‌ಫರೀನಾದ್ದು, ಎರಡಕ್ಕೂ ಟ್ವಿನ್ ಕ್ಯಾಮ್ ಎಂಜಿನ್, ಅಂದರೆ ವಾಲ್ವ್ ತೆರೆಯುವ ಕ್ಯಾಮ್ ದಂಡ ಎರಡು. ಓಡಿಸುವ ಖುಷಿಯಲ್ಲಿ ಬ್ರಿಟಿಷ್ ಕಾರುಗಳು ಇವುಗಳ ಹತ್ತಿರ ಬರಲಾರವು. ಎಂಜಿನ್ ಮೇಲಕ್ಕೇರಲು ಕಾದು ಕೂತಿರುತ್ತದೆ, ಸ್ಟೀರಿಂಗ್ ಹಗುರ. ಆಲ್ಫಾ ಕ್ಯಾಮಿಗೆ ಚೈನ್, ಫಿಯಟ್‌ಗೆ ಬೆಲ್ಟ್. ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಬಿಲ್ಲು ತೋರಿಸದಿದ್ದರೆ ಮನೆಗೆ ತಂದ ಮೊದಲ ವಾರವೇ ಬದಲಿಸಿ. ಓಡಿದ ಕಿಲೋಮೀಟರ್ ಕಡಿಮೆ ಅಂತ ಸುಮ್ಮನಿರಬೇಡಿ, ರಬ್ಬರಿಗೆ ವಯಸ್ಸೂ ಲೆಕ್ಕ.

ಆಲ್ಫಾದಲ್ಲಿ ಎರಡನೇ ಗೇರಿನ ಸಿಂಕ್ರೋ ಹೋಗಿರುವುದು ಮಾಮೂಲು. ಗೇರ್‌ಬಾಕ್ಸ್ ತಣ್ಣಗಿದ್ದಾಗ ಸ್ವಲ್ಪ ಗೊರಕೆ ಹೊಡೆದರೆ ಪರವಾಗಿಲ್ಲ. ಬಿಸಿಯಾದ ಮೇಲೂ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಅಂದರೆ ಗೇರ್‌ಬಾಕ್ಸ್ ಬಿಚ್ಚುವ ಖರ್ಚು ಸೇರಿಸಿ ಮಾತಾಡಿ. ಇಟಲಿಯ ಕಾರುಗಳ ನಿಜವಾದ ಶತ್ರು ತುಕ್ಕು. ಬಿಸಿಲು ನಾಡಿನಿಂದ ಬಂದ, ಬಣ್ಣ ಮಾಸಿದ ಕಾರನ್ನು ತಣ್ಣನೆ ನಾಡಿನ ಮಿರಮಿರ ಮಿಂಚುವ ಕಾರಿಗಿಂತ ಮುಂದೆ ಇಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಕಡೆ ಓಡಿದ ಕಾರಿನ ತಳ ನೋಡಿದರೆ ಏಕೆ ಅಂತ ಗೊತ್ತಾಗುತ್ತದೆ.

ಪೋರ್ಷ 911. ಹಣ ಇದ್ದರೆ ದೂರ ಪ್ರಯಾಣಕ್ಕೆ ಇದೇ ರಾಜ. ನಾನು ಹೇಳುವುದು 1978ರಿಂದ 1983ರವರೆಗಿನ 3.0 ಲೀಟರ್ ಎಸ್‌ಸಿ ಬಗ್ಗೆ. 1976ರ ಮಾದರಿಯಿಂದ ಬಾಡಿಗೆ ಸತುವಿನ ಲೇಪ ಬಂದಿದ್ದರಿಂದ ತುಕ್ಕಿನ ಕಾಟ ಇದ್ದದ್ದರಲ್ಲಿ ಕಡಿಮೆ. ಸೀಟು ಒಳ್ಳೆಯದು, ಐದು ಗೇರ್ ಇದೆ, ಮುಂದಿನ ಡಿಕ್ಕಿ ಮತ್ತು ಹಿಂದಿನ ಪುಟ್ಟ ಸೀಟು ಸೇರಿ ಸಾಮಾನಿಗೆ ಜಾಗ ಸಾಕು. ರೇಡಿಯೇಟರ್ ಇಲ್ಲ, ಕುದಿಯುವ ನೀರೂ ಇಲ್ಲ, ತಂಪು ಮಾಡುವುದು ಗಾಳಿ ಮತ್ತು ಎಣ್ಣೆ. ದಿನಕ್ಕೆ 600 ಕಿ.ಮೀ. ಹೊಡೆದು ಇಳಿದಾಗ ಸೊಂಟ ನೆಟ್ಟಗೇ ಇರುತ್ತದೆ.

ಅದಕ್ಕೆ ತಕ್ಕ ರಿಪೇರಿ ಖರ್ಚು ಇದೆ. ಎಸ್‌ಸಿಯಲ್ಲಿ ಕ್ಯಾಮ್ ತಿರುಗಿಸುವ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ದುರ್ಬಲ. ಅದರ ನಂತರ ಬಂದ 1984ರ 911 ಕರೆರಾದಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್ ಬಂತು, ಹಳೆಯ ಕಾರಿಗೂ ಅದನ್ನು ಹಾಕಿಸಿರಬೇಕು. ಎಂಜಿನ್ ಹಿಂದಿನ ಆಕ್ಸಲ್ ಆಚೆ ಕೂತಿರುವುದರಿಂದ ತಿರುವಿನ ನಡುವೆ ಹೆದರಿ ಕಾಲು ತೆಗೆದರೆ ಹಿಂಭಾಗ ಎಗರುತ್ತದೆ. ಮಳೆಯಲ್ಲಿ ಇದು ನೆನಪಿರಲಿ. ಇನ್ನೊಂದು ವಿಷಯ, ಎಣ್ಣೆ ನೋಡುವ ಕ್ರಮ. ಬೇರೆ ಕಾರುಗಳಂತೆ ಬೆಳಗ್ಗೆ ತಣ್ಣಗಿದ್ದಾಗ ಕಡ್ಡಿ ಎತ್ತಿ ನೋಡಿದರೆ ಎಣ್ಣೆ ಕಡಿಮೆ ಅಂತ ಸುಳ್ಳು ಲೆಕ್ಕ ಕಾಣಿಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ, ಸಮತಟ್ಟು ಜಾಗದಲ್ಲಿ, ಸ್ಟಾರ್ಟ್‌ನಲ್ಲೇ ಇರುವಾಗ ನೋಡಬೇಕು. ಇದು ತಿಳಿಯದೆ ಎಣ್ಣೆ ಸುರಿದರೆ ಅದು ಏರ್ ಫಿಲ್ಟರಿಗೆ ಹತ್ತಿ ಹಿಂದೆ ನೀಲಿ ಹೊಗೆಯ ಮೋಡ ಏಳುತ್ತದೆ. ಮಾರುವವರಿಗೆ "ಎಣ್ಣೆ ಹೇಗೆ ನೋಡುತ್ತೀರಿ?" ಅಂತ ಸುಮ್ನೆ ಕೇಳಿ. ಉತ್ತರದಲ್ಲೇ ಕಾರನ್ನು ಹೇಗೆ ಸಾಕಿದ್ದಾರೆ ಅನ್ನುವುದು ತಿಳಿಯುತ್ತದೆ.

ಉಳಿದವು ಬೇಗ ಬೇಗ. ಡಾಟ್ಸನ್ 240ಝಡ್, 1969ರಿಂದ 1973: ಮುಚ್ಚಿದ ಕಾರು, 2.4 ಲೀಟರಿನ ಆರು ಸಿಲಿಂಡರ್, ನಂಬಿಕಸ್ಥ ಎಂಜಿನ್. ತುಕ್ಕು ಹಿಡಿಯದ್ದು ಸಿಗುವುದೇ ಕಷ್ಟ, ಸಿಕ್ಕರೆ ಬಿಡಬೇಡಿ. ಟ್ರಯಂಫ್ ಸ್ಪಿಟ್‌ಫೈರ್: ಹಗುರ, ಅಗ್ಗ, ಇಡೀ ಮೂತಿಯೇ ಬಾನೆಟ್ಟಾಗಿ ಎದ್ದು ಬರುವುದರಿಂದ ರಿಪೇರಿ ಸಲೀಸು. 1970ರ ಕೊನೆಯಲ್ಲಿ ಬಂದ ನಾಲ್ಕನೇ ಆವೃತ್ತಿಗೆ (ಮಾರ್ಕ್ 4) ಮುಂಚಿನವುಗಳಲ್ಲಿ ಹಿಂದಿನ ಚಕ್ರ ತಿರುವಿನಲ್ಲಿ ಒಳಗೆ ಮಡಚಿಕೊಳ್ಳುವ ಚಾಳಿ ಇದೆ. ಎತ್ತರದವರಿಗೆ ನಾಲ್ಕನೇ ಗಂಟೆಯಲ್ಲಿ ಶಿಕ್ಷೆ. ಜಾಗ್ವಾರ್ ಇ-ಟೈಪ್: 1961ರಲ್ಲಿ ಜಿನೀವಾದಲ್ಲಿ ಕಂಡಾಗಿನಿಂದ ಜನ ಅದನ್ನು ನೋಡಿ ನಿಲ್ಲುತ್ತಲೇ ಇದ್ದಾರೆ. ಕೊಳ್ಳುವುದಾದರೆ 1964ರ ನಂತರದ 4.2 ನೋಡಿ, ಗೇರ್‌ಬಾಕ್ಸೂ ಸೀಟೂ ಉತ್ತಮ. ಹಿಂದಿನ ಬ್ರೇಕು ಡಿಫರೆನ್ಷಿಯಲ್ ಪಕ್ಕ ಕೂತಿದೆ, ಪ್ಯಾಡ್ ಬದಲಿಸುವುದೂ ಒಂದು ತಪಸ್ಸು. ಅದನ್ನು ಸಾಕುವುದು ಬಿಳಿಯಾನೆ ಸಾಕಿದ ಹಾಗೆ. ಮರ್ಸಿಡಿಸ್‌ನ ಪಗೋಡಾ, ಅಂದರೆ 1963ರಿಂದ 1971ರ 230, 250, 280 ಎಸ್‌ಎಲ್: ಸ್ಪೋರ್ಟ್ಸ್ ಕಾರು ಅನ್ನುವುದಕ್ಕಿಂತ ಸುಖದ ಗಾಡಿ. ಡಿಕ್ಕಿ ದೊಡ್ಡದು, ಆಟೊಮ್ಯಾಟಿಕ್ ಗೇರೂ ಸಿಗುತ್ತದೆ. ಪಕ್ಕದಲ್ಲಿ ಕೂರುವವರ ಮತ ಕೇಳಿದರೆ ಇದೇ ಗೆಲ್ಲುತ್ತದೆ.

ಇನ್ನೊಂದಿದೆ, ಹಳೆಯ ಕಾರಿನವರು ಮೂಗು ಮುರಿಯುವಂಥದ್ದು. 1989ರ ಮಾಜ್ಡಾ ಎಂಎಕ್ಸ್-5. ಫಿವಾ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ 30 ವರ್ಷ ತುಂಬಿದ ಗಾಡಿಯನ್ನು ಐತಿಹಾಸಿಕ ಅನ್ನುತ್ತದೆ, ಮೊದಲ ಎಂಎಕ್ಸ್-5ಗಳು ಆ ಗೆರೆ ದಾಟಿವೆ. 1.6 ಲೀಟರ್, ಟ್ವಿನ್ ಕ್ಯಾಮ್, ಇಂಜೆಕ್ಷನ್, ಐದು ಗೇರ್, ಬೆಳಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆಯಾದ ಸಿಲ್‌ನಲ್ಲಿ ತುಕ್ಕು ನೋಡಿಕೊಂಡರೆ ಬೇರೆ ತಲೆನೋವು ಕಡಿಮೆ. ರಿಪೇರಿಯಲ್ಲಿ ಆಸಕ್ತಿ ಇಲ್ಲ, ಬಟ್ಟೆ ಟಾಪ್ ತೆರೆದು ಬೆಟ್ಟದ ರಸ್ತೆಯಲ್ಲಿ ಹೋಗಬೇಕು ಅಷ್ಟೇ ಅನ್ನುವವರು ಬೇರೆಯವರ ಮಾತಿಗೆ ಕಿವಿಗೊಡದೆ ಇದನ್ನೇ ಕೊಳ್ಳಲಿ.

ಹೊಸದಾಗಿ ಮಾಡಿಸಿದ್ದೋ, ಇದ್ದ ಹಾಗೇ ಇರುವುದೋ

ಯಾವ ಮಾದರಿ ಅನ್ನುವುದಕ್ಕಿಂತ ಆ ಒಂದು ಕಾರು ಹೇಗಿದೆ ಅನ್ನುವುದು ಮುಖ್ಯ. ಮೂರು ಬಗೆಯ ಕಾರು ಮಾರಾಟಕ್ಕೆ ಬರುತ್ತವೆ: ಪೂರ್ತಿ ಬಿಚ್ಚಿ ಮಾಡಿಸಿದ್ದು, ಹಳೆಯದಾಗಿಯೇ ಓಡುತ್ತಿರುವುದು, ಅರ್ಧ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟದ್ದು. ಮೂರನೆಯದನ್ನು ಪ್ರಯಾಣ ಮಾಡಬೇಕಾದವರು ತಿರುಗಿಯೂ ನೋಡಬಾರದು. ಅದು ಗ್ಯಾರೇಜಿನಲ್ಲೇ ವರ್ಷಗಳನ್ನು ನುಂಗುತ್ತದೆ.

ಮೊದಲನೆಯದರಲ್ಲಿ ಎಚ್ಚರ ಬೇಕು. ಮೇಲೆ ಥಳಕು, ಒಳಗೆ ಹುಳುಕು ಅನ್ನುವ ಮಾತು ಹಳೆಯ ಕಾರಿನ ಬಾಡಿಗೆ ಹೇಳಿ ಮಾಡಿಸಿದ್ದು. ಕೆಲಸದ ಫೋಟೋ ಕೇಳಿ. ಬಣ್ಣ ಹಚ್ಚುವ ಮುಂಚೆ, ಬರೀ ತಗಡು ಕಾಣುವಾಗ ತೆಗೆದ ಫೋಟೋ. ಅದಿಲ್ಲ, ಬಣ್ಣ ಮಾತ್ರ ಹೊಸದು ಅಂದರೆ ಕೆಳಗೆ ಎಷ್ಟು ಪುಟ್ಟಿ ಇದೆಯೋ ಯಾರಿಗೆ ಗೊತ್ತು? ಒಂದು ಸಣ್ಣ ಅಯಸ್ಕಾಂತಕ್ಕೆ ಮೆತ್ತನೆ ಬಟ್ಟೆ ಸುತ್ತಿ ಸಿಲ್, ಚಕ್ರದ ಮೇಲಿನ ಕಮಾನು, ಬಾಗಿಲ ತಳದ ಮೇಲೆ ಆಡಿಸಿ. ಅಂಟದ ಕಡೆ ತಗಡಿಲ್ಲ. ಶುರುವಿನ ಎಂಜಿಬಿಗಳ ಬಾನೆಟ್ಟಿನಂತೆ ಅಲ್ಯೂಮಿನಿಯಂ ಇದ್ದರೆ ಮಾತು ಬೇರೆ.

ತೆರೆದ ಎಂಜಿಬಿಯಂಥ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಗಿಲ ಕೆಳಗಿನ ಸಿಲ್ಲೇ ಬೆನ್ನುಮೂಳೆ. ಹಲವು ಪದರದ ಪೆಟ್ಟಿಗೆಯಂಥ ಅದು ಒಳಗಿನಿಂದ ಕೊಳೆಯುತ್ತದೆ. ಕೆಲವರು ಕೊಳೆತದ್ದರ ಮೇಲೆಯೇ ಹೊಸ ತಗಡು ಬೆಸೆದು ಬಣ್ಣ ಬಳಿದಿರುತ್ತಾರೆ. ಕಂಡುಹಿಡಿಯುವುದು ಹೀಗೆ: ಬಾಗಿಲು ಮುಚ್ಚಿ, ಹಿಂದಿನ ಅಂಚಿನ ಸಂದನ್ನು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಜೋತುಬಿದ್ದಿದೆ. ಆಮೇಲೆ ಮಾಲೀಕರ ಒಪ್ಪಿಗೆ ಪಡೆದು ಒಂದು ಬದಿಗೆ ಜಾಕಿ ಕೊಟ್ಟು ಚಕ್ರ ಏಳುವವರೆಗೆ ಎತ್ತಿ. ಸಂದು ಬದಲಾಯಿತೋ? ಬಾಗಿಲು ತೆರೆದು ಮುಚ್ಚಿ ನೋಡಿ, ಬಿಗಿಯಾಯಿತೋ? ಗಟ್ಟಿ ಕಾರಿನಲ್ಲಿ ಏನೂ ಬದಲಾಗುವುದಿಲ್ಲ. ಜಾಕಿ ಕೊಡುವುದಕ್ಕೇ ಮಾಲೀಕರು ಹಿಂದೇಟು ಹಾಕಿದರೆ ಕೈಮುಗಿದು ಹೊರಡಿ. ಎಂಜಿನ್, ಗೇರ್‌ಬಾಕ್ಸ್ ಕೆಟ್ಟರೆ ಮೇಜಿನ ಮೇಲಿಟ್ಟು ಸರಿಮಾಡಬಹುದು. ಕೊಳೆತ ಬಾಡಿ ಸರಿಮಾಡಿಸಲು ಹೋದವರ ಜೇಬು ಬರಿದಾಗದೆ ಬಿಡುವುದಿಲ್ಲ.

ನನ್ನ ಇಷ್ಟ ಎರಡನೆಯ ಬಗೆ. ಬಣ್ಣದಲ್ಲಿ ಅಲ್ಲಲ್ಲಿ ಗೀರು, ಸೀಟಿನ ಚರ್ಮದಲ್ಲಿ ಬಿರುಕು, ಆದರೆ ವರ್ಷವರ್ಷವೂ ಓಡಿರುವ ಕಾರು. ಬಿಲ್ಲುಗಳ ಒಂದು ದಪ್ಪ ಫೈಲು. ಐದಾರು ವರ್ಷ ಹೊದಿಕೆ ಹೊದ್ದು ನಿಂತ ಹೊಳೆಯುವ ಕಾರಿಗಿಂತ ಇದು ಎಷ್ಟೋ ಮೇಲು. ನಿಂತ ಕಾರಿನಲ್ಲಿ ಬ್ರೇಕ್ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಕ್ಲಚ್ ಅಂಟಿಕೊಳ್ಳುತ್ತದೆ, ಸೀಲುಗಳು ಒಣಗುತ್ತವೆ. ಇವೆಲ್ಲ ಬಯಲಾಗುವುದು ಪ್ರಯಾಣದ ಎರಡನೇ ದಿನ.

ಓಡಿಸಿ ನೋಡುವಾಗ ಕಾರು ತಣ್ಣಗಿರಬೇಕು ಅಂತ ಮೊದಲೇ ಹೇಳಿ. ಹೋದಾಗ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಕಾಲು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಆಫ್ ಮಾಡಿದ ಮೇಲೆ ಎಂಜಿನ್ನಿನ ಕಾವು ಕಾರ್ಬುರೇಟರಿಗೆ ಏರಿ ಪೆಟ್ರೋಲ್ ಆವಿಯಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕೈಕೊಡುವ ಕಾರು ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲೇ. ತಂತಿ ಕಡ್ಡಿಯ ಚಕ್ರ ಇದ್ದರೆ ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಕಡ್ಡಿ ತಟ್ಟಿ. ಬಿಗಿಯಾದದ್ದು ಟಣ್ ಅನ್ನುತ್ತದೆ, ಸಡಿಲವಾದದ್ದು ಡಬ್ ಅನ್ನುತ್ತದೆ. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಹಳೆಯ ಕಾರಿನ ಟೈರಿನ ಟ್ರೆಡ್ ಆಳವಾಗಿಯೇ ಇರುತ್ತದೆ, ಏಕೆಂದರೆ ಓಡುವುದೇ ಕಡಿಮೆ. ಹತ್ತು ವರ್ಷ ದಾಟಿದ್ದರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಬಿಸಾಕಿ.

ಮೂಲರೂಪವೋ, ಸುಧಾರಣೆಯೋ

ಪ್ರದರ್ಶನಕ್ಕಿಡುವವರಿಗೆ ಪ್ರತಿ ನಟ್ಟೂ ಕಾರ್ಖಾನೆಯದ್ದೇ ಆಗಬೇಕು. ಓಡಿಸುವವರು ಅಷ್ಟು ಮಡಿ ಮಾಡಬೇಕಿಲ್ಲ. ಕಣ್ಣಿಗೆ ಬೀಳದ, ಬೇಕಾದರೆ ವಾಪಸ್ ಬದಲಿಸಬಹುದಾದ ಸುಧಾರಣೆ ಮಾಡಿಸಿ ಅನ್ನುವುದು ನನ್ನ ಅಭಿಪ್ರಾಯ. ಕಿಡಿಯ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಡೈನಮೊ ಬದಲು ಆಲ್ಟರ್ನೇಟರ್, ಟ್ರಾಫಿಕ್ಕಿನಲ್ಲಿ ಕುದಿಯದಂತೆ ವಿದ್ಯುತ್ ಫ್ಯಾನ್. ಹಳೆಯ ಪಾಯಿಂಟು, ಕಂಡೆನ್ಸರ್ ಮಾತ್ರ ಡಿಕ್ಕಿಯಲ್ಲಿ ಇರಲಿ. ಎಲೆಕ್ಟ್ರಾನಿಕ್ ಪೆಟ್ಟಿಗೆ ಸತ್ತರೆ ರಸ್ತೆ ಬದಿಯಲ್ಲಿ ಬೇರೆ ದಾರಿ ಇಲ್ಲ.

ಪೆಟ್ರೋಲ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಹೋಸನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಎಥನಾಲ್ ತಡೆಯುವ ಆರ್9 ದರ್ಜೆಯ ಹೋಸ್ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಹಾಕಿಸಿ. ಸೀಸ ಬೆರೆಸಿದ ಪೆಟ್ರೋಲ್ ಹೋದ ಮೇಲೆ ಎಂಜಿಬಿಯಂಥ ಬೀಡು ಕಬ್ಬಿಣದ ಹೆಡ್‌ನಲ್ಲಿ ವಾಲ್ವ್ ಸೀಟು ಸವೆಯುತ್ತದೆ, ಗಟ್ಟಿ ಸೀಟು ಹಾಕಿಸಿದ್ದಾರೋ ಕೇಳಿ. ಆಲ್ಫಾ, ಪೋರ್ಷಗಳಿಗೆ ಅಲ್ಯೂಮಿನಿಯಂ ಹೆಡ್ ಇರುವುದರಿಂದ ಸೀಟು ಮೊದಲೇ ಬೇರೆ ಲೋಹದ್ದು, ಈ ಚಿಂತೆ ಇಲ್ಲ.

ಎಲ್ಲಿಗೆ, ಹೇಗೆ

ಎಲ್ಲಿಗೆ ಹೋಗಬೇಕು ಅನ್ನುವುದೂ ಕಾರನ್ನು ಆರಿಸುತ್ತದೆ. ಇಟಲಿಯ ಹೆಸರಾಂತ ರಸ್ತೆ ಓಟ ಮಿಲ್ಲೆ ಮಿಲ್ಯಾದ ಕನಸಿದ್ದರೆ ಎಂಜಿಬಿ ಕೊಂಡು ಪ್ರಯೋಜನ ಇಲ್ಲ. ಬ್ರೆಷಿಯಾದಿಂದ ರೋಮಿಗೆ ಹೋಗಿ ಬರುವ ಆ ಓಟ ನಡೆದದ್ದು 1927ರಿಂದ 1957ರವರೆಗೆ. ಈಗಿನ ಸ್ಮರಣೆಯ ಓಟಕ್ಕೆ ಆಗ ಭಾಗವಹಿಸಿದ ಮಾದರಿಗಳಿಗೇ ಅವಕಾಶ. ಪೋರ್ಷ 356, ಆಸ್ಟಿನ್-ಹೀಲಿ 100 ಅಂಥವು ಬೇಕು.

ಬೆಟ್ಟದ ದಾರಿಗೆ ಬ್ರೇಕು ಮುಖ್ಯ, ಎಂಜಿನ್ ಆಮೇಲೆ. ಇಟಲಿಯ ಸ್ಟೆಲ್ವಿಯೋ ಕಣಿವೆ ದಾರಿಯ ಎತ್ತರ 2,757 ಮೀಟರ್, ಪ್ರಾತೋ ಕಡೆಯಿಂದ 48 ಹೇರ್‌ಪಿನ್ ತಿರುವು. ಹತ್ತುವಾಗ ಗಾಳಿ ತೆಳುವಾಗುತ್ತ ಹೋಗಿ ಕಾರ್ಬುರೇಟರ್ ಕಾರು ಪೆಟ್ರೋಲ್ ಹೆಚ್ಚಾಗಿ ಕೆಮ್ಮುತ್ತದೆ. ಅಲ್ಲಿ ಟ್ಯೂನ್ ಮಾಡಲು ಕೂರಬೇಡಿ, ಇಳಿದ ಮೇಲೆ ತಾನಾಗಿ ಸರಿಹೋಗುತ್ತದೆ. ಅಪಾಯ ಇರುವುದು ಇಳಿಯುವಾಗ. ಬ್ರೇಕ್ ಎಣ್ಣೆ ಗಾಳಿಯಿಂದ ನೀರು ಹೀರುತ್ತದೆ, ನೀರು ಸೇರಿದ ಎಣ್ಣೆ ಬೇಗ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ, ಹತ್ತಿದ ಗೇರಿನಲ್ಲೇ ಇಳಿಯಿರಿ. ಇಂಥ ಮುಖ್ಯ ದಾರಿಗಳಲ್ಲಿ ಬೇಸಿಗೆಯಲ್ಲಿ ಬಸ್ಸು, ಸೈಕಲ್ಲು, ಬೈಕಿನ ಸಂತೆ. ಬೆಳಗ್ಗೆ ಬೇಗ ಹತ್ತಬೇಕು, ಇಲ್ಲವೇ ಪಕ್ಕದ ಹೆಸರಿಲ್ಲದ ಕಣಿವೆ ಹಿಡಿಯಬೇಕು. ನನಗೆ ಎರಡನೆಯದೇ ಇಷ್ಟ.

ಗುಂಪಿನ ಟೂರಿನಲ್ಲಿ ಹಿಂದೆ ಮೆಕ್ಯಾನಿಕ್ ಇರುವ ವ್ಯಾನ್ ಬರುತ್ತದೆ, ಸಾಮಾನನ್ನೂ ಅದೇ ಹೊರುತ್ತದೆ. ಖರ್ಚು ಜಾಸ್ತಿ, ನಿಂತಲ್ಲಿ ನಿಲ್ಲುವ ಸ್ವಾತಂತ್ರ್ಯ ಕಡಿಮೆ. ಮೊದಲ ಪ್ರಯಾಣಕ್ಕೆ ಒಳ್ಳೆಯದು. ಇನ್ನು ಬಾಡಿಗೆಯ ದಾರಿ. ನೀವು ಕೊಳ್ಳಬೇಕೆಂದಿರುವ ಮಾದರಿಯನ್ನೇ ಎರಡು ಮೂರು ದಿನಕ್ಕೆ ಬಾಡಿಗೆಗೆ ಹಿಡಿದು ಓಡಿಸಿ. ಕೊಳ್ಳುವ ಮುಂಚಿನ ಪರೀಕ್ಷೆಗಳಲ್ಲಿ ಇದಕ್ಕೆ ಸಮ ಬೇರೊಂದಿಲ್ಲ, ಟಿಆರ್6 ಬೇಕೇ ಬೇಕು ಅಂತ ಹೋಗಿ ಪಗೋಡಾ ಕೊಂಡವರಿದ್ದಾರೆ. ವಿಮೆ ಮಾಡಿಸುವಾಗ ಒಪ್ಪಿಕೊಂಡ ಮೌಲ್ಯದ ಪಾಲಿಸಿ ಕೇಳಿ. ಮಾಮೂಲಿ ಪಾಲಿಸಿಯವರು ಐವತ್ತು ವರ್ಷದ ಕಾರಿಗೆ ಗುಜರಿ ಬೆಲೆ ಕಟ್ಟುತ್ತಾರೆ.

ಕೊಂಡ ತಕ್ಷಣ ದೂರ ಹೊರಡಬೇಡಿ. ಮೊದಲು ಮನೆ ಸುತ್ತಮುತ್ತ 50 ಕಿ.ಮೀ., ಆಮೇಲೆ 200, ಆಮೇಲೆ ಸಾಮಾನೆಲ್ಲ ತುಂಬಿಕೊಂಡು ಇಡೀ ದಿನ. ಪ್ರತಿ ಸಲ ಬಂದ ಮೇಲೆ ಕಾರಿನ ಕೆಳಗೆ ರಟ್ಟು ಹಾಸಿ, ಬೆಳಗ್ಗೆ ಎಲ್ಲಿ ಎಷ್ಟು ಎಣ್ಣೆ ತೊಟ್ಟಿಕ್ಕಿದೆ ನೋಡಿ. ಚಕ್ರ, ಸೈಲೆನ್ಸರ್, ಕಾರ್ಬುರೇಟರ್ ನಟ್ಟುಗಳನ್ನು ಒಮ್ಮೆ ಬಿಗಿಮಾಡಿ. ಡಿಕ್ಕಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅದರೊಳಗೆ ತಿರುಗುವ ರೋಟರ್ ಆರ್ಮ್, ಫ್ಯಾನ್ ಬೆಲ್ಟ್, ಮೇಲಿನ ಮತ್ತು ಕೆಳಗಿನ ರೇಡಿಯೇಟರ್ ಹೋಸ್, ಫ್ಯೂಸ್, ಆಕ್ಸಲರೇಟರ್ ಕೇಬಲ್, ಒಂದು ಲೀಟರ್ ಎಣ್ಣೆ, ತಂತಿ, ಅಂಟುಪಟ್ಟಿ ಇರಲಿ. ರೋಟರ್ ಆರ್ಮ್ ಎರಡು ಇಟ್ಟುಕೊಳ್ಳಿ. ಈಗ ಬರುವ ಹೊಸವು ಕೆಲವು ಹಳೆಯದಕ್ಕಿಂತ ಬೇಗ ಸಾಯುತ್ತವೆ. ಆದ್ದರಿಂದ ಆ ಎರಡರಲ್ಲಿ ಒಂದು ನಿಮ್ಮ ಕಾರಿನಲ್ಲಿ ಈಗಾಗಲೇ ಸಾವಿರ ಕಿ.ಮೀ. ಓಡಿದ್ದಾಗಿರಲಿ.